ಹಾರುದೋಣಿಯಲ್ಲಿ ಒಂದು ಸೀಟು

೧೨ ಜೂನ್ ೧೯೬೦, ಭಾನುವಾರ

ಇದು ಲಾಂಚು ನಡೆಸುವ ತಮರುವಾನ ಪುಸ್ತಕ. ಕದ್ದು ಓದಿದವರ ಮೂಗಿಗೆ ಏಡಿ ಕಚ್ಚಲಿ.

ವಿಮಾನ ಕಂಪನಿಯ ಹಳೆಯ ದಾಖಲೆ ಪುಸ್ತಕ ಇದು. ಮೊದಲ ಹನ್ನೆರಡು ಪುಟಗಳಲ್ಲಿ ಗಾಳಿ ಯಾವ ಕಡೆಯದು, ಅಲೆ ಎಷ್ಟು ಎತ್ತರ, ಹಾರುದೋಣಿ, ಅಂದರೆ ನೀರಿನ ಮೇಲೆ ಇಳಿಯುವ ವಿಮಾನ, ಬರುವ ಮೊದಲು ಅದರ ತಳಕ್ಕೆ ಬಡಿಯದಂತೆ ಹವಳದ ದಂಡೆಯೊಳಗಿನ ಒಳಗಡಲಿನಿಂದ ಎಷ್ಟು ತೆಂಗಿನಕಾಯಿ ಹೆಕ್ಕಿದೆ ಎಂದೆಲ್ಲ ಇದೆ. ಉಳಿದ ಪುಟಗಳು ಖಾಲಿ. ಯಾರಿಗೂ ಹೇಳಲಾಗದ್ದನ್ನು ಬರೆದಿಡಲು ಇಷ್ಟು ಜಾಗ ಸಾಕು.

ಇವತ್ತು ಪ್ರಾರ್ಥನೆ ಮುಗಿದ ಮೇಲೆ ಪಾದ್ರಿಗಳು ಕಂಪನಿಯ ಪತ್ರ ಓದಿದರು. ಸೆಪ್ಟೆಂಬರ್ ತಿಂಗಳಿಗೆ ಹಾರುದೋಣಿ ಬಂದ್. ಇನ್ನು ಮೇಲೆ ಗಾಲಿಯ ವಿಮಾನಗಳು ಫಿಜಿಯಿಂದ ತಾಹಿತಿಗೆ ನಮ್ಮ ತಲೆಯ ಮೇಲೇ ಹಾರಿ ಹೋಗುತ್ತವಂತೆ, ಇಳಿಯುವುದಿಲ್ಲವಂತೆ. ಎಂಟು ವರ್ಷ ನಾವು ದುಡಿದದ್ದಕ್ಕೆ ಮೆಚ್ಚಿಕೊಂಡು, ಕೊನೆಯ ಹಾರುದೋಣಿಯಲ್ಲಿ ತಾಹಿತಿಯ ಪಪೀತೆ ಪಟ್ಟಣದವರೆಗೆ ಒಂದು ಸೀಟು ಬಿಟ್ಟಿ. ಒಳಗಡಲಿನ ಕೆಲಸ ಮಾಡುವವರ ಮನೆಗಳಿಂದ ಯಾರಾದರೂ ಒಬ್ಬರು. ಹೋಗುವುದಕ್ಕೆ ಮಾತ್ರ. ಬರುವುದು ಕೊಬ್ಬರಿ ಹಡಗಿನಲ್ಲಿ, ಅವರವರ ಹಣೆಬರಹ.

ಪಾದ್ರಿಗಳು ಪತ್ರ ಮಡಿಸುವ ಮೊದಲೇ ನಾನು ಎದ್ದು ನಿಂತಿದ್ದೆ.

ನನ್ನ ಹೆಂಡತಿಯ ತಮ್ಮ ಮೆತುವಾ, ಹಾರುದೋಣಿಗೆ ಪೆಟ್ರೋಲು ತುಂಬುವ ತೆಪ್ಪ ನೋಡಿಕೊಳ್ಳುವವನು, ಹಿಂದಿನ ಬೆಂಚಿನಿಂದ ಕೂಗಿದ: "ಕೂತ್ಕೋ ಭಾವ! ನೀನು ಆಗ್ಲೇ ಒಂದ್ಸಲ ಹೋಗಿ ಬಂದಿದ್ದೀಯ. ಬೇರೆಯವ್ರ ಬಾಯಿಗೂ ಒಂದು ತುತ್ತು ಬೀಳ್ಲಿ."

ಸಭೆ ನಕ್ಕಿತು. ಅವನು ಅಲ್ಲಿಗೇ ಬಿಡಲಿಲ್ಲ. "ಅಕ್ಕ ಹೋಗ್ಲಿ. ಎಂಟು ವರ್ಷದಿಂದ ಬಂದ ಬಂದ ಬಿಳಿಯರಿಗೆಲ್ಲ ಡೋನಟ್ಟು ಕರಿದು ಹಾಕಿದ್ದಾಳೆ. ಮಗಳು ಪಪೀತೆಯಲ್ಲಿದ್ದಾಳೆ, ಮೊಮ್ಮಗ ಹುಟ್ಟಿ ತಿಂಗಳಾಯ್ತು. ಅವಳಲ್ದೆ ಇನ್ಯಾರು ಹೋಗ್ಬೇಕು?"

ಎಲ್ಲರೂ ಬೆಂಚು ಬಡಿದರು. ನನ್ನ ಹೆಂಡತಿ ಅಕೈತಿ ತಿರುಗಿ ನನ್ನನ್ನು ನೋಡಿದಳು. ಜೀಗುಜ್ಜೆ ಕೀಳಲು ಏಣಿಯ ಮೂರನೇ ಮೆಟ್ಟಿಲು ಹತ್ತಿದರೆ ಕಣ್ಣಿಗೆ ಕತ್ತಲೆ ಬರುವ ಹೆಂಗಸು.

"ಹೋಗ್ಲಾ?" ಅಂದಳು.

ಇನ್ನೂರು ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು. "ಹೋಗು ಮತ್ತೆ! ಹೆದರೋಕೇನಿದೆ? ನಾನೇ ಹೋಗಿ ಬಂದಿಲ್ವಾ?" ಅಂದೆ. ಈ ಬಾಯಿಗೆ ಬಿಸಿ ಕೆಸುವಿನ ಗೆಡ್ಡೆ ತುರುಕಬೇಕು.

೧೩ ಜೂನ್

ಬರೆದೇ ಬಿಡುತ್ತೇನೆ. ನಾನು ಹಾರಿಲ್ಲ.

ಐವತ್ತೆರಡರಲ್ಲಿ ಕಂಪನಿಯವರು ಹಾರುದೋಣಿ ಕಟ್ಟಿಹಾಕುವ ರೀತಿ ಕಲಿತು ಬಾ ಎಂದು ನನ್ನನ್ನು ಪಪೀತೆಗೆ ಕಳಿಸಿದ್ದು ನಿಜ. ಊರೆಲ್ಲ ದೋಣಿ ಕಟ್ಟಿಕೊಂಡು ಹಾರುದೋಣಿ ನಿಲ್ಲುವ ಅಕಾಯಾಮಿ ನಡುಗಡ್ಡೆಗೆ ಬಂದು, ಮೂಗಿನವರೆಗೆ ಹೂವಿನ ಹಾರ ಹಾಕಿ, ಹಾಡು ಹೇಳಿ ಹತ್ತಿಸಿದ್ದೂ ನಿಜ. ಒಳಗೆ ಕೂತೆ. ಒಂದು ಎಂಜಿನ್ ಗುರ್ ಅಂದಿತು. ಅಷ್ಟೇ ಸಾಕಾಯಿತು. ಎದ್ದು, ಹಿಂದೆ ಸಾಮಾನು ತುಂಬುವ ಬಾಗಿಲಿನಿಂದ, ಊರಿನವರಿಗೆ ಕಾಣದ ಬದಿಯಲ್ಲಿ ನೀರಿಗೆ ಜಾರಿದೆ. ಹಾರದ ಸಮೇತ. ವಿಮಾನದಲ್ಲಿ ಊಟ ಬಡಿಸುವ ಕ್ಲಿಫ್ ಒಬ್ಬನೇ ನೋಡಿದ್ದು. ಅವನು ಬಾಯಿ ಬಿಡಲಿಲ್ಲ, ಬಾಗಿಲು ಹಿಡಿದುಕೊಂಡ.

ಈಜಿ ಪಕ್ಕದ ನಡುಗಡ್ಡೆಯ ಹಿಂಬದಿಗೆ ಹೋದೆ. ನಾಲ್ಕು ದಿನ ತೆಂಗಿನಕಾಯಿ, ಹಸಿ ಏಡಿ. ಹಾರುದೋಣಿ ವಾಪಸು ಬಂದಾಗ ಅದೇ ಬಾಗಿಲಿನಿಂದ ಹತ್ತಿ, ಎದುರಿನ ಬಾಗಿಲಿನಿಂದ ರಾಜನ ಹಾಗೆ ಕೈ ಬೀಸುತ್ತ ಇಳಿದೆ.

ಅಲ್ಲಿಗೆ ಮುಗಿಸಬಹುದಿತ್ತು. ಆದರೆ ಅವತ್ತೇ ಕಿತ್ತಳೆ ಹೆಂಡದ ಕೂಟದಲ್ಲಿ, ಹೆಂಡ ಹಂಚುವ ಮೊದಲಿನ ಪ್ರಾರ್ಥನೆ ಮುಗಿದು ಕುಡಿಯುವ ತೆಂಗಿನ ಚಿಪ್ಪು ನನ್ನ ಕೈಗೆ ಮೂರನೇ ಸಲ ಬಂದಾಗ, "ಮೇಲೆ ಹೇಗಿತ್ತಯ್ಯಾ?" ಎಂದು ಯಾರೋ ಕೇಳಿದರು. ಮೋಡಕ್ಕೆ ಸಾಬೂನಿನ ವಾಸನೆ ಅಂದೆ. ಕಿಟಕಿ ತೆಗೆದರೆ ಮೋಡ ಮುಖಕ್ಕೆ ಬಡಿದು ಬಟ್ಟೆ ತೊಯ್ಯುತ್ತದೆ ಅಂದೆ. ಗಾಳಿ ತಲೆಗೂದಲು ಕಿತ್ತುಕೊಂಡು ಹೋಗುತ್ತದೆ ಅಂದೆ. ಒಂದು ಬಾಟಲಿಯಲ್ಲಿ ಮೋಡ ಹಿಡಿದು ತಂದೆ ಎಂದು ನಡುಗಡ್ಡೆಯ ಮಳೆನೀರು ತೋರಿಸಿದೆ. ಆ ಬಾಟಲಿಯಿಂದ ತುರಿಯಾ ಅಜ್ಜಿ ಇವತ್ತಿಗೂ ಕಿವಿನೋವಿಗೆ ಎರಡು ಹನಿ ಬಿಡಿಸಿಕೊಂಡು ಹೋಗುತ್ತಾಳೆ. ಮರುವರ್ಷ ನನ್ನನ್ನು ಸಭೆಯ ಹಿರಿಯನನ್ನಾಗಿ ಮಾಡಿದರು. ಸ್ವರ್ಗದ ಹತ್ತಿರಕ್ಕೆ ಅಷ್ಟು ಹೋದವನು ಈ ದ್ವೀಪದಲ್ಲಿ ಬೇರೆ ಯಾರಿದ್ದಾರೆ? ಎಲೀಯ ಪ್ರವಾದಿ ಬೆಂಕಿಯ ರಥದಲ್ಲಿ ಮೇಲೆ ಹೋದ ವಚನ ಬಂದರೆ ಪಾದ್ರಿಗಳೇ ನನ್ನ ಕಡೆ ತಿರುಗುತ್ತಾರೆ.

ಈಗ ಅಕೈತಿ ಹೋಗುತ್ತಾಳೆ. ನೋಡುತ್ತಾಳೆ. ಬಂದು ಹೇಳುತ್ತಾಳೆ. ನನ್ನ ಬಂಡವಾಳ ಬಯಲಾಗುತ್ತದೆ.

೧೯ ಜೂನ್, ಭಾನುವಾರ

ಅವಳು ದಪ್ಪ ಟೊಪ್ಪಿಗೆ ಹೊಲಿಯುತ್ತಿದ್ದಾಳೆ, ಕಿವಿ ಮುಚ್ಚುವಂಥದ್ದು, ಗಲ್ಲದ ಕೆಳಗೆ ಕಟ್ಟಲು ದಾರದ ಸಮೇತ. "ಗಾಳಿ ಕೂದ್ಲು ಕಿತ್ಕೊಂಡು ಹೋಗುತ್ತೆ ಅಂದಿದ್ದೆಯಲ್ಲ," ಅಂದಳು. ಒದ್ದೆಯಾದರೆ ಇರಲಿ ಎಂದು ಎರಡು ಜೊತೆ ಬಟ್ಟೆ ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟಿದ್ದಾಳೆ. ಕಿಟಕಿ ಬಿಗಿಯಾಗಿ ಕಟ್ಟಲು ಮೂರು ಮಾರು ಹಗ್ಗ.

ನಾನು ಹೇಳಿದ ಒಂದೊಂದು ಸುಳ್ಳಿಗೂ ಅವಳ ಚೀಲದಲ್ಲಿ ಒಂದೊಂದು ಸಾಮಾನು ಸೇರುತ್ತಿದೆ. ಹೀಗೇ ಆದರೆ ಹಾರುದೋಣಿ ನೀರಿನಿಂದ ಏಳುವುದಿಲ್ಲ.

೩೦ ಜೂನ್

ಹಾರುದೋಣಿ ಬಂದ ದಿನ. ಒಳಗಡಲಿನಿಂದ ಎಂಟು ತೆಂಗಿನಕಾಯಿ, ಒಂದು ಸತ್ತ ಆಮೆ ತೆಗೆದೆ. ಮೂವತ್ತೊಂಬತ್ತು ಪ್ರಯಾಣಿಕರನ್ನು ದಡಕ್ಕೆ ಒಯ್ದೆ. ಅವರು ಈಜಲು ಬಿದ್ದರು, ನಾನು ಕ್ಲಿಫ್‌ನನ್ನು ತೆಂಗಿನ ಮರದ ಹಿಂದಕ್ಕೆ ಕರೆದೊಯ್ದೆ.

"ಕ್ಲಿಫ್, ಮೇಲೆ ನಿಜವಾಗ್ಲೂ ಹೇಗಿರುತ್ತೆ?"

ಅವನು ಬಾಯಲ್ಲಿದ್ದ ಡೋನಟ್ಟು ನುಂಗಿದ. ಇದು ಅವನ ಆರನೆಯದು, ಎಂಟು ವರ್ಷದಿಂದ ಬಾಯಿ ಮುಚ್ಚಿಕೊಂಡಿದ್ದಕ್ಕೆ ಸಲ್ಲುತ್ತಿರುವ ಕಪ್ಪ. "ಎಂಟು ವರ್ಷ ಆದ್ಮೇಲೆ ಕೇಳ್ತಿದ್ದೀಯಲ್ಲೋ ಮಾರಾಯ!"

ಆದರೂ ಹೇಳಿದ. ಹೊರಡುವಾಗ ನೀರು ಕಿಟಕಿಯ ಮೇಲೆಲ್ಲ ಹೊಡೆಯುತ್ತದೆ, ಮುಳುಗಿದೆವು ಅನ್ನಿಸುತ್ತದೆ, ಮುಳುಗುವುದಿಲ್ಲ. ತಳ ದಡದಡ ಕುಟ್ಟುತ್ತದೆ. ನಿಧಾನವಾಗಿ ಅರವತ್ತರವರೆಗೆ ಎಣಿಸಿದರೆ ಕುಟ್ಟುವುದು ಫಕ್ಕನೆ ನಿಲ್ಲುತ್ತದೆ. ಆಗ ಮೇಲೆದ್ದಿದ್ದೀರಿ ಎಂದು ಅರ್ಥ. ಕಿವಿ ಕಟ್ಟಿದರೆ ಉಗುಳು ನುಂಗಬೇಕು. ಕಿಟಕಿ ತೆಗೆಯಲು ಬರುವುದಿಲ್ಲ. ಮೋಡ ಅಂದರೆ ಬರೀ ಬೆಳ್ಳಗೆ, ವಾಸನೆ ಇಲ್ಲ.

"ಅಷ್ಟೇನಾ?" ಅಂದೆ. ನನಗೆ ಬೇಸರವಾಯಿತು. ನನ್ನದೇ ಚೆನ್ನಾಗಿತ್ತು.

"ಅವ್ಳಿಗೆ ನಿಜ ಹೇಳ್ಬಿಡು."

"ನಾನು ಸಭೆಯ ಹಿರಿಯ ಕಣೋ."

"ಅದಕ್ಕೇ ಹೇಳ್ತಿರೋದು," ಎಂದು ಏಳನೆಯದಕ್ಕೆ ಕೈ ಹಾಕಿದ.

೯ ಜುಲೈ, ಶನಿವಾರ

ಉಪಾಯ ಹೊಳೆಯಿತು. ಚೀಲ ಸಮೇತ ನೂರ ತೊಂಬತ್ತು ಪೌಂಡು ಮೀರಬಾರದು ಎಂದು ಕಂಪನಿಯ ಪತ್ರದಲ್ಲೇ ಇದೆ. ತೂಗುವವನು ನಾನು. ಅವಳು ಮೀರಿದರೆ ಸೀಟು ಖಾಲಿ, ಖಾಲಿ ಸೀಟಿಗೆ ಅನುಭವಸ್ಥನೇ ವಾಸಿ ಎಂದು ಊರೇ ಒಪ್ಪುತ್ತದೆ. ಒಂದು ಸಲ ನಿಜವಾಗಿ ಹಾರಿಬಿಟ್ಟರೆ ಸುಳ್ಳು ತಾನಾಗಿ ನಿಜವಾಯಿತು, ಯಾರಿಗೂ ನಷ್ಟವಿಲ್ಲ. ಮೊಮ್ಮಗನನ್ನೂ ನೋಡಿದ ಹಾಗಾಯಿತು.

ಕೊಬ್ಬರಿ ಶೆಡ್ಡಿನಲ್ಲಿ ಊರ ಹೆಂಗಸರ ಎದುರಿಗೇ ಅವಳನ್ನು ಚೀಲ ಸಮೇತ ತಕ್ಕಡಿಯ ಹಲಗೆಯ ಮೇಲೆ ನಿಲ್ಲಿಸಿದೆ. ಹಿಂದಿನಿಂದ ಹಲಗೆಯ ಅಂಚನ್ನು ಕಾಲಿನ ಹೆಬ್ಬೆರಳಲ್ಲಿ ಒತ್ತಿದೆ. ಇನ್ನೂರ ಹದಿನೈದು.

ಹೆಂಗಸರು ಕಿಸಕ್ಕೆಂದರು. "ಡೋನಟ್ಟು ಬಿಳಿಯರಿಗೆ ಮಾತ್ರ ಹಾಕ್ಲಿಲ್ಲ ಅಂತಾಯ್ತು!" ಎಂದಳು ಒಬ್ಬಳು. ಅಕೈತಿ ಕೆಳಗಿಳಿದಳು. ಮುಖ ಕೆಂಪಾಗಿತ್ತು. "ಇನ್ನೂ ಎರಡು ತಿಂಗಳಿದೆಯಲ್ಲ, ಇಳಿಸ್ತೀನಿ," ಅಂದಳು.

ಇಳಿಸುತ್ತಾಳಂತೆ! ಮೂವತ್ತೆರಡು ವರ್ಷದಲ್ಲಿ ಒಂದು ಹೊತ್ತು ಊಟ ಬಿಟ್ಟವಳಲ್ಲ. ಕೆಲಸ ಆಯಿತು.

೧೪ ಜುಲೈ

ಹಾರುದೋಣಿ ಬಂತು, ಹೋಯಿತು. ಕ್ಲಿಫ್‌ಗೆ ತಕ್ಕಡಿಯ ಉಪಾಯ ಹೇಳಿದೆ, ತಲೆ ಅಲ್ಲಾಡಿಸಿದ. ತೆಂಗಿನಕಾಯಿ ಐದು. ಅಕೈತಿ ಬೆಳಗ್ಗೆ ಅರ್ಧ ಬಾಳೆಹಣ್ಣು ತಿಂದು ನಲವತ್ತು ಜನಕ್ಕೆ ಕರಿದಳು.

೧೮ ಜುಲೈ

ಅರ್ಧ ಬಾಳೆಹಣ್ಣು.

೨೧ ಜುಲೈ

ಇವತ್ತೂ ಅಷ್ಟೇ. ನನ್ನ ತಟ್ಟೆಗೆ ಮೀನು, ಕೆಸುವಿನ ಗೆಡ್ಡೆ, ತೆಂಗಿನ ಹಾಲು ಎಲ್ಲ ಬಡಿಸಿ ಎದುರಿಗೆ ಕೂತು ನೋಡುತ್ತಿದ್ದಳು. ನಾನು ಅರ್ಧದಲ್ಲೇ ಕೈ ತೊಳೆದೆ. ಮೀನಿಗೆ ಉಪ್ಪು ಜಾಸ್ತಿಯಾಗಿತ್ತೇನೋ.

೨೩ ಜುಲೈ, ಶನಿವಾರ

ಬಾವಿ ಹತ್ತಿರ ಅವಳಿಗೆ ತಲೆ ಸುತ್ತು ಬಂದು ಕೂತಳು. "ಮಗೂನ ಒಂದ್ಸಲ ಎತ್ಕೊಂಡ್ರೆ ಸಾಕು, ಆಮೇಲೆ ಹಂದಿ ಥರ ತಿಂತೀನಿ," ಅಂದಳು. ನಾನು ಅಲ್ಲಿಂದ ಸೀದಾ ಶೆಡ್ಡಿಗೆ ಹೋಗಿ ತಕ್ಕಡಿಗೆ ಎಣ್ಣೆ ಹಾಕಿದೆ. ಅವಳನ್ನು ಕರೆಸಿ ಮತ್ತೆ ತೂಗಿದೆ. ಚೀಲ ಸಮೇತ ನೂರ ಎಂಬತ್ತೆರಡು.

"ಎರಡೇ ವಾರಕ್ಕೆ ಇಷ್ಟು ಇಳೀತಾ?" ಅಂದಳು.

"ತಕ್ಕಡಿ ತುಕ್ಕು ಹಿಡಿದಿತ್ತು. ಹಾಳಾದ್ದು. ಮನೆಗೆ ನಡಿ, ಊಟ ಮಾಡು."

ಮೂರು ತಟ್ಟೆ ತಿಂದಳು. ನಾನೂ ಮೂರು ತಟ್ಟೆ ತಿಂದೆ. ಹೋಗಲಿ, ಬೇರೆ ಉಪಾಯ ಹುಡುಕಿದರಾಯಿತು.

೩೧ ಜುಲೈ, ಭಾನುವಾರ

ಮಗಳು ತೆಪೈರುವಿನ ಕಾಗದ ಬಂತು. ನಮ್ಮಲ್ಲಿ ಮನೆಯಲ್ಲಿ ನಡೆದ ದೊಡ್ಡ ಸಂಗತಿಯನ್ನೇ ಮಗುವಿಗೆ ಹೆಸರಾಗಿ ಇಡುತ್ತೇವೆ. ಯಾರಾದರೂ ಆಸ್ಪತ್ರೆ ಸೇರಿದ್ದರೆ ಅದು, ಮನೆ ಸುಟ್ಟಿದ್ದರೆ ಅದು. ನಮ್ಮ ಮನೆಯ ದೊಡ್ಡ ಸಂಗತಿ ಯಾವುದು ಎಂದು ಮಗಳು ಯೋಚಿಸಿ ಇಟ್ಟಿದ್ದಾಳೆ: ಕಿತೆರಂಗಿ. ಆಕಾಶ ಕಂಡವನು ಎಂದು. ಅಪ್ಪನ ಹಾರಾಟದ ನೆನಪಿಗಂತೆ.

ಅಕೈತಿ ಕಾಗದ ಹಿಡಿದುಕೊಂಡು ಮನೆಮನೆಗೂ ಹೋಗಿ ಬಂದಳು. ಪಾದ್ರಿಗಳು ಸಭೆಯಲ್ಲಿ ಹೇಳಿದರು. ಎಲ್ಲರೂ ಬಂದು ನನ್ನ ಕೈ ಕುಲುಕಿದರು.

ಎರಡೂವರೆ ತಿಂಗಳ ಕೂಸು, ನನ್ನ ಸುಳ್ಳು ಹೊತ್ತುಕೊಂಡು ಜೀವಮಾನವೆಲ್ಲ ತಿರುಗಬೇಕು. ಬೆಂಕಿ ಬಿತ್ತು ನನ್ನ ನಾಲಿಗೆಗೆ.

೧೧ ಆಗಸ್ಟ್

ಅವಳಿಗೆ ಲಾಂಚಿನಿಂದ ಹಾರುದೋಣಿಯ ಬಾಗಿಲಿಗೆ ಕಾಲಿಡುವ ಅಭ್ಯಾಸ ಮಾಡಿಸುತ್ತಿದ್ದೇನೆ. ಮೆತುವಾನ ತೆಪ್ಪವೇ ಹಾರುದೋಣಿ. ಲಾಂಚು ಏಳುತ್ತದೆ, ಬೀಳುತ್ತದೆ, ನಡುವೆ ಎರಡಡಿ ನೀರು. ಎದ್ದಾಗ ಕಾಲು ಹಾಕಬೇಕು, ಬಿದ್ದಾಗ ಹಾಕಿದರೆ ಮೀನಿನ ಪಾಲು. ಅವಳು ಪ್ರತಿ ಸಲ ಕಣ್ಣು ಮುಚ್ಚಿ, ನನ್ನ ಮಣಿಕಟ್ಟು ಹಿಡಿದು, ಸತ್ತೆ ಎಂದು ಕೂಗಿ ಕಾಲು ಹಾಕುತ್ತಾಳೆ. ಇವತ್ತು ಹದಿನಾಲ್ಕು ಸಲ. ಮಣಿಕಟ್ಟಿನ ಮೇಲೆ ಅವಳ ಐದು ಬೆರಳಿನ ಗುರುತು ಇನ್ನೂ ಇದೆ. ಮದುವೆಯ ದಿನದ ನಂತರ ಅವಳು ಇಷ್ಟು ಹೊತ್ತು ನನ್ನ ಕೈ ಹಿಡಿದದ್ದು ಇದೇ ಮೊದಲಿರಬೇಕು.

ಹೆಂಗಸರ ಕಾಲು ಇಷ್ಟು ಚಿಕ್ಕದಿರುತ್ತದೆ ಎಂದು ಗೊತ್ತಿರಲಿಲ್ಲ.

ತೆಪ್ಪದ ಮೇಲೆ ಕೂತು ಕ್ಲಿಫ್ ಹೇಳಿದ್ದನ್ನೆಲ್ಲ ನನ್ನದೇ ಅನುಭವ ಎಂಬಂತೆ ಹೇಳಿಕೊಟ್ಟೆ. ಅರವತ್ತರವರೆಗೆ ಎಣಿಸು. ಉಗುಳು ನುಂಗು. ಟೊಪ್ಪಿಗೆ ಬೇಡ, ಹಗ್ಗ ಬೇಡ, ಕಿಟಕಿ ಭದ್ರವಾಗಿದೆ. ಮೋಡಕ್ಕೆ ವಾಸನೆ ಇಲ್ಲ.

"ಸಾಬೂನಿನ ವಾಸ್ನೆ ಅಂದಿದ್ದೆ?"

"ಪಕ್ಕದ ಸೀಟಲ್ಲಿ ಕೂತಿದ್ದ ಹೆಂಗಸು ಸ್ನಾನ ಮಾಡ್ಕೊಂಡು ಬಂದಿದ್ಲು ಅಂತ ಕಾಣುತ್ತೆ."

ತೆಪ್ಪದ ಆ ಕಡೆಯಿಂದ ಮೆತುವಾ ಬಾಯಿ ಹಾಕಿದ: "ಎಂಟು ವರ್ಷ ಹೆಂಗಸಿನ ವಾಸ್ನೆ ಮೂಗಲ್ಲೇ ಇಟ್ಕೊಂಡಿದ್ದೀಯಲ್ಲ ಭಾವ, ಅಕ್ಕ ನೀನು ಸುಮ್ನಿದ್ದೀಯಲ್ಲ!"

ಅವನ ಮೇಲೆ ಒಂದು ಬಕೆಟ್ಟು ನೀರು ಸುರಿದೆ. ಅಕೈತಿ ನಕ್ಕಳು.

೨೫ ಆಗಸ್ಟ್

ತೆಂಗಿನಕಾಯಿ ಮೂರು. ಕ್ಲಿಫ್‌ಗೆ ಹೇಳಿದೆ, ನನ್ನ ಹೆಂಡತಿಗೆ ಕೆಳಗಿನ ಅಂತಸ್ತಿನಲ್ಲಿ ಕಿಟಕಿ ಪಕ್ಕದ ಸೀಟು ಕೊಡು, ಹೊರಡುವಾಗ ಅವಳ ಹತ್ತಿರ ನಿಂತಿರು, ಕೈ ಕೇಳಿದರೆ ಕೊಡು, ಬಿಗಿಯಾಗಿ ಹಿಡಿಯುತ್ತಾಳೆ, ನೋವಾದರೆ ಸಹಿಸಿಕೋ ಎಂದು. "ಸೀಟು ನಿಂಗೆ ಬೇಕಿತ್ತಲ್ಲ, ಉಪಾಯ ಏನಾಯ್ತು?" ಎಂದು ಕೇಳಿದ. ಹೌದು, ಉಪಾಯ ಹುಡುಕಬೇಕು. ಲಾಂಚಿನ ಕೆಲಸದಲ್ಲಿ ಪುರುಸೊತ್ತೇ ಆಗುತ್ತಿಲ್ಲ.

೧೧ ಸೆಪ್ಟೆಂಬರ್, ಭಾನುವಾರ

ಪಾದ್ರಿಗಳು ಬೇಕೆಂದೇ ಎಲೀಯನ ವಚನ ಇಟ್ಟಿದ್ದರು, ಹಾರುದೋಣಿಗೆ ಬೀಳ್ಕೊಡುಗೆ ಎಂದು. ನನ್ನನ್ನು ಎಬ್ಬಿಸಿದರು. ಎದ್ದು ನಿಂತೆ. ಪ್ರತಿ ಸಲ ಬಾಯಿ ತೆರೆದರೆ ತಾನಾಗಿ ಬರುತ್ತಿತ್ತು. ಇವತ್ತು ಅಕೈತಿ ಮುಂದಿನ ಸಾಲಿನಲ್ಲಿ ಪರೀಕ್ಷೆಗೆ ಓದುವವಳ ಹಾಗೆ ಕಣ್ಣು ಬಿಟ್ಟುಕೊಂಡು ಕೂತಿದ್ದಳು. "ನೆಗಡಿಯಾಗಿದೆ" ಎಂದು ಕೂತುಬಿಟ್ಟೆ.

ಉಪಾಯ ಯಾವುದೂ ಸಿಗಲಿಲ್ಲ. ಬಂದದ್ದೆಲ್ಲ ಬರಲಿ.

೧೫ ಸೆಪ್ಟೆಂಬರ್, ಗುರುವಾರ

ಮಧ್ಯಾಹ್ನ ಈಗ. ಅಕಾಯಾಮಿಯಲ್ಲಿ ನಾನೊಬ್ಬನೇ ಇದ್ದೇನೆ. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಬೆಳಗ್ಗೆ ನೀರು ಗುಡಿಸಿದೆ. ತೆಂಗಿನಕಾಯಿ ಒಂದೂ ಇರಲಿಲ್ಲ, ಆದರೂ ಎರಡು ಸಲ ಸುತ್ತು ಹಾಕಿದೆ. ಅವಳು ಹತ್ತುವ ವಿಮಾನ. ಹಾರುದೋಣಿ ಬಂದಿಳಿಯಿತು. ಊರೆಲ್ಲ ದೋಣಿಗಳಲ್ಲಿ ಬಂದು ಸುತ್ತುವರಿದು ಹಾಡುತ್ತಿದ್ದರು, ಹೆಂಗಸರು ಕೆಲವರು ಆಗಲೇ ಅಳುತ್ತಿದ್ದರು. ಪೈಲಟ್‌ಗೆ ಕಣ್ಣೇ ಕಾಣದಷ್ಟು ಹಾರ ಹಾಕಿದ್ದರು. ಪ್ರಯಾಣಿಕರು ಈಜಿ, ತಿಂದು, ಮೈ ಒರೆಸಿಕೊಂಡು ಲಾಂಚು ಹತ್ತಿದರು. ಕೊನೆಯ ಸುತ್ತಿನಲ್ಲಿ ಅಕೈತಿಯನ್ನು ಕರೆದುಕೊಂಡು ಹೋದೆ. ಬಿಳಿ ಅಂಗಿ, ಬಿಳಿ ಹ್ಯಾಟು. ತುಟಿಯೂ ಬಿಳಿ.

ಬಾಗಿಲಲ್ಲಿ ಕ್ಲಿಫ್ ನಿಂತಿದ್ದ. ಬೇರೆಯವರೆಲ್ಲ ಹತ್ತಿದರು. ಅವಳು ನನ್ನ ಮಣಿಕಟ್ಟು ಹಿಡಿದು ಒಂದು ಕಾಲು ಎತ್ತಿದಳು. ಲಾಂಚು ಎದ್ದಿತು, ಬಿದ್ದಿತು. ಎದ್ದಿತು, ಬಿದ್ದಿತು. ಕಾಲು ಅಲ್ಲೇ ಇತ್ತು. ಆಮೇಲೆ ಅದನ್ನು ಇಳಿಸಿದಳು.

"ಆಗಲ್ಲ," ಅಂದಳು. "ನನ್ನ ಕೈಲಿ ಆಗಲ್ಲ."

"ಹದಿನಾಲ್ಕು ಸಲ ಮಾಡಿದ್ದೀಯ."

"ಅದು ತೆಪ್ಪ. ಇದು ಮೇಲೆ ಹೋಗುತ್ತೆ." ಅವಳ ಹಲ್ಲು ಕಟಕಟ ಅನ್ನುತ್ತಿತ್ತು. "ನಿಂಗಿರೋ ಧೈರ್ಯ ನಂಗಿಲ್ಲ. ನೀನೇ ಹೋಗು. ಮಗೂನ ನೋಡ್ಕೊಂಡು ಬಾ. ನಂಗೆ ಬಂದು ಹೇಳು, ನೀನು ಚೆನ್ನಾಗಿ ಹೇಳ್ತೀಯ."

ದೇವರೇ, ಕೇಳಿದಿರಾ? ಮೂರು ತಿಂಗಳಿಂದ ನಾನು ಕನಸು ಕಂಡದ್ದನ್ನು ಅವಳೇ ಬಾಯಾರೆ ಕೊಡುತ್ತಿದ್ದಳು. ತಕ್ಕಡಿ ಬೇಡ, ಉಪಾಯ ಬೇಡ, ಒಂದು ಹೆಜ್ಜೆ ಸಾಕಿತ್ತು. ಕ್ಲಿಫ್ ನನ್ನನ್ನೇ ನೋಡುತ್ತಿದ್ದ. ಊರಿನವರು ಹಾಡು ನಿಲ್ಲಿಸಿದ್ದರು, ಏನಾಯಿತು ಎಂದು ದೋಣಿಗಳು ಹತ್ತಿರ ಬಂದವು.

"ನಾನು ಹೋಗಿಲ್ಲ," ಅಂದೆ.

"ಏನು?"

"ಅಕೈತಿ, ನಾನು ಹೋಗೇ ಇಲ್ಲ. ಅವತ್ತು ಎಂಜಿನ್ ಸದ್ದು ಕೇಳಿ ಹಿಂದಿನ ಬಾಗಿಲಿಂದ ಓಡಿಹೋದೆ. ಪಕ್ಕದ ನಡುಗಡ್ಡೇಲಿ ನಾಲ್ಕು ದಿನ ಬಚ್ಚಿಟ್ಕೊಂಡಿದ್ದೆ. ಮೋಡ ಗೀಡ ಎಲ್ಲಾ ಸುಳ್ಳು. ಬಾಟ್ಲಿಯಲ್ಲಿರೋದು ಮಳೆನೀರು. ನಿಂಗೀಗ ಎಷ್ಟು ಭಯ ಆಗ್ತಿದೆಯೋ ಅದಕ್ಕಿಂತ ಹತ್ತರಷ್ಟು ಆಗಿತ್ತು. ನೀನು ಬಾಗಿಲವರೆಗೆ ಬಂದು ನಿಂತಿದ್ದೀಯ, ಇನ್ನೂ ಓಡಿಹೋಗಿಲ್ಲ. ನಂಗಿಂತ ನೀನೇ ವಾಸಿ."

ನೀರಿನ ಮೇಲೆ ಮಾತು ದೂರ ಹೋಗುತ್ತದೆ. ತುರಿಯಾ ಅಜ್ಜಿಗೂ ಕೇಳಿಸಿತು, ಕಿವಿ ಅಷ್ಟು ಚೆನ್ನಾಗಿದೆ. ತೆಪ್ಪದ ಮೇಲೆ ಮೆತುವಾ ಕೈಯಲ್ಲಿದ್ದ ಪೈಪು ಬಿಟ್ಟ. ಪಾದ್ರಿಗಳು ದೋಣಿಯಲ್ಲಿ ಎದ್ದು ನಿಂತು, ದೋಣಿ ಅಲುಗಾಡಿ, ಮತ್ತೆ ಕೂತರು.

ಅಕೈತಿ ನನ್ನ ಮಣಿಕಟ್ಟು ಬಿಟ್ಟಳು. "ನಾಲ್ಕು ದಿನ ಏನು ತಿಂದೆ?" ಅಂದಳು.

"ತೆಂಗಿನಕಾಯಿ. ಹಸಿ ಏಡಿ."

"ನಿನ್ನ ವಿಮಾನ ಬೀಳ್ದಿರ್ಲಿ ಅಂತ ನಾನಿಲ್ಲಿ ನಾಲ್ಕು ದಿನ ಉಪವಾಸ ಇದ್ದೆ ಕಣೋ, ನಾಯಿ!"

ತನ್ನ ಕೊರಳಿನ ಹಾರ ಕಿತ್ತು ನನ್ನ ಮುಖಕ್ಕೆ ಒಂದು ಬಾರಿಸಿದಳು. ಇನ್ನೊಂದು ಬಾರಿಸಿದಳು. ಮೂರನೆಯದಕ್ಕೆ ಕೈ ಎತ್ತಿದವಳಿಗೆ ನಗು ಬಂತು. ನಗುತ್ತ ನಗುತ್ತ ಅವಳ ಕಣ್ಣಲ್ಲಿ ನೀರು ಬಂತು, ಹ್ಯಾಟು ಓರೆಯಾಯಿತು. "ಈ ಮನೆಯಿಂದ ಒಬ್ರಾದ್ರೂ ಹೋಗ್ಬೇಕಲ್ಲಪ್ಪಾ!" ಎಂದು, ಲಾಂಚು ಎದ್ದಾಗ ಸರಿಯಾಗಿ ಕಾಲು ಹಾಕಿ ಒಳಗೆ ಹೋಗಿಬಿಟ್ಟಳು. ಕಣ್ಣು ಮುಚ್ಚಲಿಲ್ಲ, ಸತ್ತೆ ಎಂದು ಕೂಗಲೂ ಇಲ್ಲ.

ಊರಿನ ದೋಣಿಗಳೆಲ್ಲ ದಾರಿ ಬಿಟ್ಟು ದಡಕ್ಕೆ ಸರಿದವು, ನಾನು ಹಗ್ಗ ಬಿಚ್ಚಿದೆ. ನಾಲ್ಕು ಎಂಜಿನ್ನೂ ಹತ್ತಿದವು. ನಾನೂ ಇಲ್ಲಿ ನಿಧಾನವಾಗಿ ಎಣಿಸಿದೆ. ಐವತ್ತಮೂರಕ್ಕೆ ಎದ್ದಿತು.

ಯಾಕೆ ಹೇಳಿದೆ ಎಂದು ಈಗ ಕೂತು ಯೋಚಿಸಿದರೆ ಕಾರಣ ಸಿಗುವುದಿಲ್ಲ. ವಿಮಾನಕ್ಕೆ ತಡವಾಗುತ್ತಿತ್ತು, ಅದಕ್ಕೇ ಇರಬೇಕು.

೧೮ ಸೆಪ್ಟೆಂಬರ್, ಭಾನುವಾರ

ಹಿರಿಯರ ಬೆಂಚಿನಿಂದ ನನ್ನನ್ನು ಎಬ್ಬಿಸಿ ಹಿಂದೆ ಕೂರಿಸಿದರು. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ, ನಿದ್ದೆ ಮಾಡಿದರೂ ಕಾಣುವುದಿಲ್ಲ. ಇಷ್ಟು ದಿನ ಯಾರೂ ಹೇಳಿರಲಿಲ್ಲ.

ತುರಿಯಾ ಅಜ್ಜಿ ಬಾಗಿಲಲ್ಲಿ ಹಿಡಿದು ನಿಲ್ಲಿಸಿದಳು. ಬೈಯುತ್ತಾಳೆ ಅಂದುಕೊಂಡೆ. "ನೀನು ಹೋಗದೆ ಇದ್ರೆ ಕತ್ತೆ ಬಾಲ. ನನ್ನ ಕಿವಿ ವ್ಯವಹಾರ ಬೇರೆ. ನಾಳೆ ಬಂದು ಎರಡು ಹನಿ ಬಿಡು," ಅಂದಳು.

೪ ಅಕ್ಟೋಬರ್

ಹೆಂಡದ ಕೂಟದಲ್ಲಿ ಈಗ ಎಲ್ಲರಿಗೂ ನಾನು ಓಡಿಹೋದ ಕಥೆಯೇ ಬೇಕು. ನಿನ್ನೆ ನಾಲ್ಕನೇ ಸಲ ಹೇಳಿದೆ. ನಾಲ್ಕು ದಿನ ಆರು ದಿನವಾಗಿದೆ, ಒಂದು ಶಾರ್ಕ್ ಮೀನೂ ಬಂದು ಸೇರಿದೆ. ಮೆತುವಾ ನಕ್ಕು ನಕ್ಕು ಬೆಂಚಿನಿಂದ ಬಿದ್ದ.

ಒಳಗಡಲು ಗುಡಿಸುವ ಕೆಲಸ ಇಲ್ಲ. ತೆಂಗಿನಕಾಯಿಗಳು ಬೇಕಾದಲ್ಲಿ ತೇಲುತ್ತಿವೆ. ಡೋನಟ್ಟು ಕರಿಯಲು ನೋಡಿದೆ, ಹೊರಗೆ ಕರಿ, ಒಳಗೆ ಹಸಿ. ಹಂದಿಗಳೂ ಮೂಸಿ ನೋಡಿ ಹೋದವು.

ಕೊಬ್ಬರಿ ಹಡಗು ಯಾವಾಗ ಬರುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ಮನೆ ಬಹಳ ದೊಡ್ಡದಾಗಿ ಕಾಣುತ್ತಿದೆ. ಅವಳಿಲ್ಲದೆ ನನಗೆ ಆಗುತ್ತಿಲ್ಲ. ಬರೆದಾಯಿತು, ಇನ್ನು ಹೊಡೆದು ಹಾಕುವುದಿಲ್ಲ.

೨ ನವೆಂಬರ್

ಹಡಗು ಬಂತು!

ಹವಳದ ದಂಡೆಯ ಆಚೆ ನಿಂತ ಹಡಗಿಗೆ ನಾನೇ ಸಣ್ಣ ದೋಣಿ ಹುಟ್ಟು ಹಾಕಿಕೊಂಡು ಹೋದೆ. ಒಂಬತ್ತು ದಿನ ವಾಂತಿ ಮಾಡಿಕೊಂಡು ಬಂದಿದ್ದಾಳೆ, ಮುಖ ಬೂದಿಯಾಗಿದೆ. ಹಗ್ಗದ ಏಣಿಯಲ್ಲಿ ಸರಸರ ಇಳಿದು ಬಂದಳು, ಮೂರನೇ ಮೆಟ್ಟಿಲು ಯಾವುದು ಎಂದು ನೋಡಲೂ ಇಲ್ಲ. ಮಗು ಗುಂಡಗಿದೆಯಂತೆ. ಮೂಗು ನನ್ನದಂತೆ, ಪಾಪ. ಮಗಳಿಗೆ ನನ್ನ ವಿಷಯ ಹೇಳಿದಳಂತೆ. ಹೆಸರು ಬದಲಾಯಿಸಲ್ಲ, ಇನ್ನು ಮೇಲೆ ಅದು ಅಮ್ಮನ ನೆನಪಿಗೆ ಎಂದಳಂತೆ ಮಗಳು.

ದಡ ಅರ್ಧ ದಾರಿ ಇರುವಾಗ ಕೇಳಿದೆ. "ಮೇಲೆ ಹೇಗಿತ್ತು?"

ಅವಳು ಒಂದು ಬೊಗಸೆ ನೀರು ಮುಖಕ್ಕೆ ಎರಚಿಕೊಂಡಳು.

"ಕುಟ್ಟೋದು ನಿಂತ್ಮೇಲೆ ಕೆಳಗೆ ನೋಡ್ದೆ," ಅಂದಳು. "ಲಾಂಚು ಕಾಣ್ತು. ಅದರಲ್ಲಿ ನೀನು. ನನ್ನ ಕಿರುಬೆರಳ ಉಗುರಿನಷ್ಟೂ ಇರ್ಲಿಲ್ಲ ನೀನು. ಇಡೀ ಸಮುದ್ರದಲ್ಲಿ ಒಬ್ಬನೇ. ಇಷ್ಟು ಚಿಕ್ಕವನನ್ನ ಬಿಟ್ಟು ಹೋಗ್ತಿದ್ದೀನಲ್ಲ ಅಂತ ಅಳು ಬಂತು. ಆಮೇಲೆ ಮೋಡ ಬಂತು, ಏನೂ ಕಾಣ್ಲಿಲ್ಲ."

ನಾನು ಹುಟ್ಟು ಹಾಕುವುದನ್ನು ನಿಲ್ಲಿಸಿದೆ. ದೋಣಿ ತಾನಾಗಿ ಸ್ವಲ್ಪ ದೂರ ಹೋಯಿತು.

ಎಂಟು ವರ್ಷ ಆ ಹಾರಾಟದ ಕಥೆ ಹೇಳಿದೆ. ಸಾಬೂನು ಹಾಕಿದೆ, ಗಾಳಿ ಹಾಕಿದೆ, ದೇವದೂತರನ್ನೂ ಒಂದೆರಡು ಸಲ ಹಾಕಿದ್ದೆ. ಮೇಲಿನಿಂದ ನೋಡಿದರೆ ಕೆಳಗೆ ಇವಳು ನಿಂತಿರುತ್ತಾಳೆ ಎಂದು ಒಂದು ಸಲವೂ ನನಗೆ ಹೊಳೆದಿರಲಿಲ್ಲ.